ಮಕ್ಕಳ ಆಶ್ರಮಕ್ಕೆ ಕೊಡುವ ಮುನ್ನ

ಕಂಪನಿ ಕೆಲಸದ ಮೇಲೆ ಪುಣೆಯಿಂದ ವರ್ಷಕ್ಕೆರಡು ಬಾರಿ ನೈರೋಬಿಗೆ ಹೋಗುತ್ತೇನೆ. ಅಲ್ಲಿನ ಬೀದಿ ಮಕ್ಕಳಿಗಾಗಿ ಕ್ರೈಸ್ತ ಸೇವಾ ಸಂಸ್ಥೆಗಳು ಮಾಡುವ ಕೆಲಸದ ಬಗ್ಗೆ ಇಲ್ಲಿನ ಕನ್ನಡ ಗೆಳೆಯರಿಗೆ ಹೇಳಿದಾಗ ಬರುವ ಮೊದಲ ಮಾತು ಒಂದೇ: ‘ಮತಾಂತರ ಮಾಡ್ತಾರಾ?’ ಕೇಳಬೇಕಾದ ಪ್ರಶ್ನೆಯೇ. ಆದರೆ ಅಲ್ಲಿಗೇ ನಿಂತರೆ ಕಲಿಯುವಂಥದ್ದು ಕೈತಪ್ಪುತ್ತದೆ.

ನೈರೋಬಿಯಲ್ಲಿ ಈ ಮಕ್ಕಳನ್ನು ‘ಚೊಕೋರಾ’ ಅನ್ನುತ್ತಾರೆ. ಕಸ ಕೆದಕುವವರು ಎಂಬ ಅರ್ಥದ ತಾತ್ಸಾರದ ಮಾತದು. ಹಸಿವು, ಚಳಿ ಮರೆಯಲು ಅಂಟಿನ ಬಾಟಲಿ ಮೂಗಿಗೆ ಹಿಡಿಯುವ ಹುಡುಗರಿವರು. 1970ರ ದಶಕದಲ್ಲಿ, ಕಾರು ನಿಲ್ಲಿಸಲು ಜಾಗ ತೋರಿಸಿ ಚಿಲ್ಲರೆ ಕೇಳುತ್ತಿದ್ದ ಇಂಥವರಿಗೆ ‘ಪಾರ್ಕಿಂಗ್ ಬಾಯ್ಸ್’ ಎಂಬ ಹೆಸರಿತ್ತು. ಅವರಿಗಾಗಿಯೇ 1973ರಲ್ಲಿ ಡಚ್ ಕ್ಯಾಥೊಲಿಕ್ ಪಾದ್ರಿ ಆರ್ನಾಲ್ಡ್ ಗ್ರೋಲ್ ಒಂದು ಸಂಸ್ಥೆ ಕಟ್ಟಿದರು. ಅದಕ್ಕಿಟ್ಟದ್ದು ಯಾವ ಸಂತರ ಹೆಸರೂ ಅಲ್ಲ, ಸ್ವಾಹಿಲಿ ಪದ ‘ಉಂಡುಗು’. ಅಂದರೆ ಬಂಧುತ್ವ.

ಊಟ, ಆಸರೆ ಕೊಟ್ಟರಷ್ಟೇ ಸಾಲದು. ಒಬ್ಬನನ್ನು ಬೀದಿಯಿಂದ ಎತ್ತಿದರೆ ಅದೇ ಗುಡಿಸಲಿನಿಂದ ಅವನ ತಮ್ಮ ಬಂದು ನಿಲ್ಲುತ್ತಾನೆ. ಹಾಗಾಗಿ ಉಂಡುಗು ಕೊಳೆಗೇರಿಗೇ ಹೋಯಿತು. ಶಾಲೆ ಬಿಟ್ಟವರಿಗೆ ಓದು ಬರಹದ ಜೊತೆ ಕೈಕಸುಬು ಕಲಿಸಿತು. ಪುಮ್ವಾನಿ ಭಾಗದಲ್ಲಿ ಕಡಿಮೆ ಖರ್ಚಿನ ಮನೆಗಳಿಗೆ ನೆರವಾಯಿತು. ಮಗುವಿನ ಸಮಸ್ಯೆ ಮನೆಯ ಬಡತನದ್ದು ಎಂಬುದನ್ನು ಒಪ್ಪಿಕೊಂಡ ಸೇವೆ ಇದು.

ಎಲ್ಲ ಸೇವೆಯೂ ಹೀಗಿಲ್ಲ. ದೂರದ ದಾನಿಗಳಿಗೆ ಅನಾಥಾಲಯದ ಫೋಟೊ ಬೇಗ ಹಿಡಿಸುತ್ತದೆ. ಹಣ ಅತ್ತ ಹರಿದಂತೆ ಅಪ್ಪ ಅಮ್ಮ ಇರುವ ಮಕ್ಕಳೂ ಅಲ್ಲಿಗೆ ಸೇರುತ್ತಾರೆ. 2017ರಲ್ಲಿ ಕೆನ್ಯಾ ಸರ್ಕಾರ ಹೊಸ ಮಕ್ಕಳ ಆಶ್ರಮಗಳ ನೋಂದಣಿಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲು, 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿದಾಗ ಲಕ್ಷಗಟ್ಟಲೆ ಮಕ್ಕಳು ತರಗತಿಗೆ ಬಂದಿದ್ದರು. ಯಾವ ಧರ್ಮದ ದತ್ತಿಯೂ ಒಂಟಿಯಾಗಿ ಮಾಡಲಾಗದ ಕೆಲಸವದು.

ಪರವೂರಿನಲ್ಲಿರುವ ನಾವೂ ಮಕ್ಕಳ ಹುಟ್ಟುಹಬ್ಬಕ್ಕೆ ಹತ್ತಿರದ ಆಶ್ರಮದಲ್ಲಿ ಊಟ ಹಾಕಿಸಿ, ಫೋಟೊ ಹಿಡಿದು ಬರುತ್ತೇವೆ. ತಪ್ಪೇನಿಲ್ಲ. ಆದರೆ ಮಠವಿರಲಿ, ಚರ್ಚ್ ಇರಲಿ, ಟ್ರಸ್ಟ್ ಇರಲಿ, ಚೆಕ್ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳೋಣ. ಕಳೆದ ವರ್ಷ ಎಷ್ಟು ಮಕ್ಕಳು ತಮ್ಮ ಮನೆಗೆ ಮರಳಿದರು? ಎಷ್ಟು ಮಂದಿ ಕಸುಬು ಕಲಿತು ಸ್ವಂತ ಕಾಲ ಮೇಲೆ ನಿಂತರು? ಎಷ್ಟು ಹಾಸಿಗೆ ಇದೆ ಎಂದು ಮಾತ್ರ ಹೇಳಬಲ್ಲ ಸಂಸ್ಥೆಗಿಂತ, ಇವಕ್ಕೆ ಉತ್ತರ ಕೊಡಬಲ್ಲ ಸಂಸ್ಥೆಗೆ ನಮ್ಮ ಹಣ ಸೇರಲಿ.