ಆರೋಗ್ಯ ಚಿಂತನ: ಕಾಯುವ ಉರಿ, ಕಾಡುವ ಉರಿ

ಪುತ್ತೂರು, ಸುಳ್ಯ, ಕಡಬ ಪರಿಸರದ ಮನೆಗಳಿಗೆ ಮಳೆಗಾಲವೆಂದರೆ ಬಿಡುವಿಲ್ಲದ ಕಾಯಕದ ಕಾಲ. ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು, ಗದ್ದೆಗಿಳಿಯುವುದು ಮುಂತಾದ ಕೆಲಸಗಳು ಅನೇಕ ವೇಳೆ ಬರಿಗಾಲಿನಲ್ಲಿಯೇ ನಡೆಯುತ್ತವೆ. ಒದ್ದೆ ಮಣ್ಣಿನಲ್ಲಿಯೂ ಕೆಸರು ನೀರಿನಲ್ಲಿಯೂ ವಾಸಿಸುವ ಒಂದು ಬ್ಯಾಕ್ಟೀರಿಯಾ ದೇಹವನ್ನು ಹೊಕ್ಕು ಉಗ್ರವಾದ ನ್ಯುಮೋನಿಯಾವನ್ನು ಉಂಟುಮಾಡಬಲ್ಲುದೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಈ ರೋಗದ ಹೆಸರು ಮೆಲಿಯಾಯ್ಡೋಸಿಸ್. ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಎಂಬ ವೈದ್ಯರು ರಂಗೂನಿನಲ್ಲಿ ಕಂಡ ಈ ರೋಗವನ್ನು 1912ರಲ್ಲಿ ಲೋಕಕ್ಕೆ ತಿಳಿಸಿದರು. ಕರ್ನಾಟಕದ ಕರಾವಳಿಯಲ್ಲಿಯೂ ಇದು ಕಂಡುಬರುತ್ತಿದೆ. ಮಂಗಳೂರು, ಮಣಿಪಾಲಗಳ ವೈದ್ಯರು ಇಂತಹ ರೋಗಿಗಳನ್ನು ಕುರಿತು ಬರೆದಿದ್ದಾರೆ.

ಈ ರೋಗಾಣುವು ಗಾಯದ ಮೂಲಕ, ಉಸಿರಿನ ಮೂಲಕ ಅಥವಾ ಕಲುಷಿತ ನೀರಿನ ಮೂಲಕ ಒಳಸೇರುತ್ತದೆ. ಒಬ್ಬರಿಂದೊಬ್ಬರಿಗೆ ಅಂಟುವುದು ಅತಿ ವಿರಳ. ಆದರೆ ಒಂದೇ ದೇಹದೊಳಗೆ ಶ್ವಾಸಕೋಶದಿಂದ ರಕ್ತಕ್ಕೂ, ಅಲ್ಲಿಂದ ಯಕೃತ್ತು, ಗುಲ್ಮ, ಕೀಲುಗಳಿಗೂ ಹರಡಬಲ್ಲುದು. ಆ ಹರಡುವಿಕೆಯನ್ನು ತಡೆಯುವುದೂ, ಕೆಲವೊಮ್ಮೆ ಅದಕ್ಕೆ ನೆರವಾಗುವುದೂ ನಮ್ಮದೇ ದೇಹದ ಪ್ರೋಟೀನುಗಳೆಂಬುದು ವಿಸ್ಮಯದ ಸಂಗತಿ.

ರೋಗಾಣು ಕಾಲಿಟ್ಟೊಡನೆ ದೇಹದ ಜೀವಕೋಶಗಳು ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಹೊರಬಿಡುತ್ತವೆ. ಉರಿಯೂತಕ್ಕೆ ಇವೇ ಮೂಲ. ಇವುಗಳಲ್ಲಿ ಇಂಟರ್‌ಫೆರಾನ್ ಗಾಮಾ ಎಂಬುದು ರೋಗಾಣುವನ್ನು ನುಂಗಿ ಕೊಲ್ಲುವ ಕಣಗಳಿಗೆ ಬಲ ನೀಡುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾ ಎಂಬುದಾದರೋ ಬಿಳಿ ರಕ್ತಕಣಗಳನ್ನು ಶ್ವಾಸಕೋಶಕ್ಕೆ ಕರೆತರುತ್ತದೆ. ಮಿತಿಯಲ್ಲಿದ್ದರೆ ಇದೂ ರಕ್ಷಣೆಯೇ. ಮಿತಿ ಮೀರಿದರೆ ಆ ಕಣಗಳ ಕಿಣ್ವಗಳು ಶ್ವಾಸಕೋಶವನ್ನೇ ಹಾಳುಗೆಡಹುತ್ತವೆ. 2011ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಒಂದು ಅಧ್ಯಯನವು ಈ ರೋಗದಲ್ಲಿ ಇಂಟರ್‌ಲ್ಯೂಕಿನ್-18 ರಕ್ಷಕವೆಂದೂ, ಇಂಟರ್‌ಲ್ಯೂಕಿನ್-1 ಬೀಟಾ ಹಾನಿಕರವೆಂದೂ ತೋರಿಸಿತು. ಒಲೆಯೊಳಗಿನ ಬೆಂಕಿ ಅನ್ನ ಬೇಯಿಸುತ್ತದೆ. ಸೂರಿಗೇರಿದರೆ ಮನೆಯನ್ನೇ ಸುಡುತ್ತದೆ.

ಈ ಸಮತೋಲವು ಮುಖ್ಯವಾಗಿ ಕೆಡುವುದು ಮಧುಮೇಹಿಗಳಲ್ಲಿ. ಅವರ ರಕ್ಷಕ ಕಣಗಳು ರೋಗಾಣುವನ್ನು ಸಕಾಲದಲ್ಲಿ ಕೊಲ್ಲಲಾರವು. ಆದುದರಿಂದಲೇ ಈ ರೋಗಕ್ಕೆ ಮಧುಮೇಹವು ಎಲ್ಲಕ್ಕಿಂತ ದೊಡ್ಡ ಅಪಾಯಕಾರಣವೆನಿಸಿದೆ. ಮೂತ್ರಪಿಂಡದ ಕಾಯಿಲೆಯುಳ್ಳವರೂ ಅತಿಯಾಗಿ ಮದ್ಯ ಸೇವಿಸುವವರೂ ಎಚ್ಚರದಿಂದಿರಬೇಕು. ಉರಿಯೂತ ತಗ್ಗಲೆಂದು ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮಾತ್ರೆ ನುಂಗುವುದು ಬೇಲಿಯನ್ನೇ ಕಿತ್ತಂತೆ.

ಇದನ್ನು ಕ್ಷಯವೆಂದು ತಪ್ಪಾಗಿ ತಿಳಿಯುವ ಸಂಭವವುಂಟು. ಮಧುಮೇಹವಿರುವ ಹಿರಿಯರಿಗೆ ಮಳೆಗಾಲದಲ್ಲಿ ಜ್ವರ, ಕೆಮ್ಮು, ಏದುಸಿರು ಬಂದು ಸಾಮಾನ್ಯ ಔಷಧಗಳಿಗೆ ಜಗ್ಗದಿದ್ದರೆ, ಅವರು ಮಣ್ಣಿನ ಕೆಲಸ ಮಾಡಿದವರೆಂದು ಮನೆಯವರು ವೈದ್ಯರಿಗೆ ತಪ್ಪದೆ ತಿಳಿಸಬೇಕು. ರಕ್ತ ಹಾಗೂ ಕಫದ ಕಲ್ಚರ್ ಪರೀಕ್ಷೆಯಿಂದ ರೋಗ ನಿಶ್ಚಯವಾಗುತ್ತದೆ. ಮೊದಲು ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಔಷಧ, ಅನಂತರ ಸಾಮಾನ್ಯವಾಗಿ 3 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ ಅಗತ್ಯ. ಜ್ವರ ಬಿಟ್ಟಿತೆಂದು ನಡುವೆ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

ತೋಟಕ್ಕೆ ಇಳಿಯುವಾಗ ಗಂಬೂಟು ಧರಿಸುವುದು, ಗಾಯಗಳನ್ನು ಮುಚ್ಚಿಕೊಳ್ಳುವುದು, ನೀರನ್ನು ಕುದಿಸಿ ಕುಡಿಯುವುದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇವು ಪ್ರತಿ ಮನೆಯೂ ಪಾಲಿಸಬಹುದಾದ ನಿಯಮಗಳು. ಮನೆಯವರಿಗೆ ಮಾತ್ರವಲ್ಲ, ನಮ್ಮ ತೋಟದಲ್ಲಿ ದುಡಿಯುವ ಕೆಲಸದವರಿಗೂ ಒಂದೊಂದು ಜೊತೆ ಗಂಬೂಟು ಕೊಡಿಸುವುದು ನಮ್ಮ ಕರ್ತವ್ಯವೆಂದು ಬಗೆಯೋಣ.