ಎಥನಾಲ್ ಪೆಟ್ರೋಲ್‌ನಿಂದ ಸಣ್ಣ ಕಾರುಗಳ ಎಂಜಿನ್ ಹಾಳಾಗುತ್ತಿದೆಯೇ? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಗಾಳಿಮಾತು ಎಷ್ಟು

ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಬ್ಬರು ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ತುಂಬಿ, ಅದಕ್ಕೆ ಸ್ವಲ್ಪ ನೀರು ಸುರಿದು, ಮುಚ್ಚಳ ಹಾಕಿ ಅಲ್ಲಾಡಿಸುತ್ತಾರೆ. ಎರಡು ನಿಮಿಷ ಬಿಟ್ಟು ನೋಡಿದರೆ ಕೆಳಗೆ ನಿಂತ ನೀರು ಹಾಕಿದ್ದಕ್ಕಿಂತ ಹೆಚ್ಚಾಗಿದೆ! "ನೋಡಿ ಸ್ನೇಹಿತರೇ, ಬಂಕಿನವರು ನಮಗೆ ನೀರು ಮಾರುತ್ತಿದ್ದಾರೆ, ಎಲ್ಲರಿಗೂ ಶೇರ್ ಮಾಡಿ" ಎನ್ನುವಲ್ಲಿಗೆ ವಿಡಿಯೊ ಮುಗಿಯುತ್ತದೆ. ಅದರ ಹಿಂದೆಯೇ ಇನ್ನಷ್ಟು ಮೆಸೇಜುಗಳು: 18 ಕೊಡುತ್ತಿದ್ದ ಕಾರು ಈಗ 12 ಕೊಡುತ್ತಿದೆ, ಎಂಜಿನ್ ಜಾಮ್ ಆಗುತ್ತದೆ, ಇನ್ಶೂರೆನ್ಸ್ ಸಿಗುವುದಿಲ್ಲ, ಪ್ರತಿ ಟ್ಯಾಂಕಿಗೆ ಸ್ವಲ್ಪ 2ಟಿ ಆಯಿಲ್ ಹಾಕಿದರೆ ಬಚಾವ್.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಒಂದೆರಡು ಮಾತ್ರ ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದವು. ಹತ್ತು ಹನ್ನೆರಡು ವರ್ಷ ಹಳೆಯ ಸಣ್ಣ ಕಾರು ಇಟ್ಟುಕೊಂಡವರಿಗೆ ಇದು ಬರೀ ವಾದದ ವಿಷಯವಲ್ಲ. ಅದೇ ಕಾರನ್ನು ಇನ್ನೂ ಐದು ವರ್ಷ ಓಡಿಸಬೇಕೆಂದು ಲೆಕ್ಕ ಹಾಕಿದವರೇ ಅವರಲ್ಲಿ ಹೆಚ್ಚು. ಆದ್ದರಿಂದ ನಾವು ಇದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ಹಿನ್ನೆಲೆ. ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಇ20 ಎನ್ನುತ್ತಾರೆ. ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಇತ್ತು. ದೇಶ 2022ರಲ್ಲೇ ಶೇ 10ರ ಗುರಿ ಮುಟ್ಟಿತ್ತು. 2030ಕ್ಕೆ ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು ಸರ್ಕಾರ ಹಿಂದಕ್ಕೆ ಎಳೆದುಕೊಂಡು 2025ರಲ್ಲೇ ತಲುಪಿತು. ಅಂದರೆ ನೀವು ವಿಡಿಯೊ ನೋಡುವುದಕ್ಕೆ ಎಷ್ಟೋ ಮೊದಲೇ ನಿಮ್ಮ ಕಾರು ಎಥನಾಲ್ ಕುಡಿಯುತ್ತಿತ್ತು, ಪ್ರಮಾಣ ಮಾತ್ರ ಕಡಿಮೆ ಇತ್ತು. ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ನುಚ್ಚಕ್ಕಿ ಇವುಗಳಿಂದ ಎಥನಾಲ್ ತಯಾರಾಗುತ್ತದೆ. ಆದರೆ ಅದರಲ್ಲಿ ಸಕ್ಕರೆ ಇರುವುದಿಲ್ಲ. ಸಕ್ಕರೆ ಹುಳಿತು ಮದ್ಯಸಾರವಾದ ಮೇಲೆ ಅದನ್ನು ಭಟ್ಟಿ ಇಳಿಸಿ, ನೀರಿನಂಶ ತೆಗೆದು ಕೊಡುತ್ತಾರೆ. "ಟ್ಯಾಂಕಿಗೆ ಇರುವೆ ಮುತ್ತುತ್ತವೆ" ಎಂಬ ಫಾರ್ವರ್ಡ್ ಕಂಡರೆ ನಕ್ಕು ಮುಂದೆ ಹೋಗಿ.

ಆ ಬಾಟಲಿ ವಿಡಿಯೊದಲ್ಲಿ ಕಾಣುವುದು ಸುಳ್ಳಲ್ಲ, ಅದಕ್ಕೆ ಕೊಡುವ ವಿವರಣೆ ಸುಳ್ಳು. ಎಥನಾಲ್‌ಗೆ ಪೆಟ್ರೋಲ್‌ಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ನೀವು ನೀರು ಹಾಕಿ ಕಲಕಿದಾಗ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಸೇರಿಕೊಂಡು ಕೆಳಗಿಳಿಯುತ್ತದೆ. ಕೆಳಗಿನ ಪದರ ಬೆಳೆದದ್ದು ಅದರಿಂದ. ಹಾಗೆ ಹೆಚ್ಚಾಗದಿದ್ದರೆ ಆ ಪೆಟ್ರೋಲ್‌ನಲ್ಲಿ ಎಥನಾಲ್ ಇಲ್ಲ ಎಂದರ್ಥ, ಅಷ್ಟೇ. ಬಂಕಿನವರು ನೀರು ಬೆರೆಸಿದ್ದಾರೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಇದನ್ನು ಮನೆಯಲ್ಲಿ ಮಾಡಿ ನೋಡಲೂ ಹೋಗಬೇಡಿ. ಪೆಟ್ರೋಲ್ ಆವಿಗೆ ಅಡುಗೆಮನೆಯ ಒಂದು ಕಿಡಿ ಸಾಕು. ಇನ್ನು ಕೆಲವರು ಹೀಗೆ "ತೊಳೆದ" ಪೆಟ್ರೋಲನ್ನು ಮತ್ತೆ ಗಾಡಿಗೆ ಹಾಕುತ್ತಾರಂತೆ. ಎಥನಾಲ್ ಹೋದರೆ ಆಕ್ಟೇನ್ ಇಳಿಯುತ್ತದೆ, ಜೊತೆಗೆ ನೀರಿನ ಹನಿಗಳು ಉಳಿದುಕೊಳ್ಳುತ್ತವೆ. ಎಂಜಿನ್ ಉಳಿಸಲು ಹೋಗಿ ಕೆಡಿಸಿಕೊಂಡಂತೆ.

ಮೈಲೇಜ್ ಎಷ್ಟು ಇಳಿಯಬೇಕು?

ಇಳಿಯುತ್ತದೆ, ಇದರಲ್ಲಿ ಅನುಮಾನವೇ ಬೇಡ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದನ್ನು ಶೇ 20 ಬೆರೆಸಿದಾಗ ಒಟ್ಟು ಶಕ್ತಿ ಶೇ 6ರಿಂದ 7ರಷ್ಟು ಇಳಿಯುತ್ತದೆ. ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯೂ ಶುದ್ಧ ಪೆಟ್ರೋಲ್‌ಗೆ ರೂಪಿಸಿ, ಇ10ಕ್ಕೆ ಹೊಂದಿಸಿದ ಕಾರುಗಳಿಗೆ ಇದೇ ಶೇ 6-7ರ ಅಂದಾಜು ಕೊಟ್ಟಿತ್ತು. ಇ10ಕ್ಕೇ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಿಗೆ ಶೇ 1-2 ಎಂದಿತ್ತು.

ಹಾಗಾದರೆ 18 ಇದ್ದದ್ದು 12ಕ್ಕೆ ಬರುವುದು? ಅದು ಮೂರನೇ ಒಂದು ಭಾಗದ ಇಳಿಕೆ. ಇದನ್ನು ಹೀಗೆ ಯೋಚಿಸಿ: ಎಥನಾಲ್ ಉರಿಯುವುದೇ ಇಲ್ಲ, ಅದರಿಂದ ಒಂದಿಷ್ಟೂ ಶಕ್ತಿ ಬರುವುದಿಲ್ಲ ಎಂದೇ ಇಟ್ಟುಕೊಂಡರೂ ಉಳಿದ ಶೇ 80 ಪೆಟ್ರೋಲ್ ಇದ್ದೇ ಇದೆಯಲ್ಲ. ಆಗಲೂ 18 ಇದ್ದದ್ದು 14.4ಕ್ಕೆ ನಿಲ್ಲಬೇಕು. ಅದಕ್ಕಿಂತ ಕೆಳಗೆ ಹೋಗಿದೆ ಎಂದರೆ ಬೇರೆ ಏನೋ ಕೆಟ್ಟಿದೆ, ಇಲ್ಲವೇ ಲೆಕ್ಕ ತಪ್ಪಿದೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂದಾಜು ಮಾತ್ರ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಸಲ ಫುಲ್ ಮಾಡಿಸುವಾಗ ಹಿಡಿದ ಲೀಟರಿಗೆ ಓಡಿದ ಕಿಲೊಮೀಟರನ್ನು ಹಂಚಿ. ಹೀಗೆ ಮೂರು ಸಲ ಮಾಡಿದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ಶೇ 6 ಎಂದರೆ ಸಣ್ಣದು ಎಂದು ತಳ್ಳಿಹಾಕುವವರನ್ನೂ ನಾವು ಒಪ್ಪುವುದಿಲ್ಲ. ತಿಂಗಳಿಗೆ 1,000 ಕಿ.ಮೀ. ಓಡಿಸುವ, 18 ಮೈಲೇಜಿನ ಕಾರು ಹಿಂದೆ 55.6 ಲೀಟರ್ ಕುಡಿಯುತ್ತಿತ್ತು, ಈಗ 59 ಲೀಟರ್ ಕುಡಿಯುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 350, ವರ್ಷಕ್ಕೆ 4,200 ರೂಪಾಯಿ. ಒಂದು ಸರ್ವೀಸಿನ ಖರ್ಚು. ಅದೇ ನೀತಿ ಆಯೋಗದ ವರದಿ, ಮೈಲೇಜ್ ಇಳಿಕೆಗೆ ಪರಿಹಾರವಾಗಿ ಎಥನಾಲ್ ಪೆಟ್ರೋಲ್‌ಗೆ ತೆರಿಗೆ ರಿಯಾಯಿತಿ ಯೋಚಿಸಬಹುದು ಎಂದಿತ್ತು. ಈಗ ಎಥನಾಲ್ ಖರೀದಿ ದರವೇ ಏರಿದೆ ಎಂಬುದು ಪೆಟ್ರೋಲಿಯಂ ಸಚಿವಾಲಯದ ಉತ್ತರ. ಬಂಕಿನಲ್ಲಿ ದರವೂ ಇಳಿಯಲಿಲ್ಲ, ಎಥನಾಲ್ ಬೇಡ ಎನ್ನುವವರಿಗೆ ಬೇರೆ ಪೈಪೂ ಇಲ್ಲ. ಆ ಆಯ್ಕೆ ಕೊಡಿ ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಜನರ ಸಿಟ್ಟಿಗೆ ಕಾರಣವಿದೆ. ಆ ಸಿಟ್ಟನ್ನು ಸುಳ್ಳು ವಿಡಿಯೊಗಳು ದುಡಿಸಿಕೊಳ್ಳುತ್ತಿವೆ ಎಂಬುದೇ ನಮ್ಮ ತಕರಾರು.

ಜರ್ಕ್, ಪಿಕಪ್, ಚೆಕ್ ಎಂಜಿನ್ ಲೈಟ್

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಥನಾಲ್‌ಗೆ 9 ಕಿಲೊ ಸಾಕು, ಏಕೆಂದರೆ ಅದರಲ್ಲೇ ಆಮ್ಲಜನಕ ಇದೆ. ಆದ್ದರಿಂದ ಇ20 ಹಾಕಿದಾಗ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಬಿಡಬೇಕು. ಇಂಜೆಕ್ಷನ್ ಇರುವ ಕಾರುಗಳಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ: ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಸುಳಿವು ಕೊಡುತ್ತದೆ, ಕಾರಿನ ಕಂಪ್ಯೂಟರ್ ಇಂಧನ ಹೆಚ್ಚಿಸುತ್ತದೆ. ಇ10ರಿಂದ ಇ20ಗೆ ಬೇಕಾದ ತಿದ್ದುಪಡಿ ಶೇ 4ರ ಆಸುಪಾಸು, ಆರೋಗ್ಯವಾಗಿರುವ ಎಂಜಿನ್‌ಗೆ ಇದು ಕಷ್ಟವೇ ಅಲ್ಲ. ಆದರೆ ಸೆನ್ಸರ್ ಮುದಿಯಾಗಿದ್ದರೆ, ಇಂಜೆಕ್ಟರ್‌ನಲ್ಲಿ ಕೊಳೆ ಕಟ್ಟಿದ್ದರೆ, ಇಂಧನ ಪಂಪಿನ ಒತ್ತಡ ಕಡಿಮೆಯಾಗಿದ್ದರೆ ಇಲ್ಲಿಯವರೆಗೆ ಹೇಗೋ ಮುಚ್ಚಿಹೋಗಿದ್ದ ದೋಷ ಹೊರಗೆ ಬೀಳಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ತಡವರಿಕೆ, ಸಿಗ್ನಲ್‌ನಲ್ಲಿ ನಿಂತಾಗ ನಡುಕ, ಏರಿನಲ್ಲಿ ಪಿಕಪ್ ಇಲ್ಲದಿರುವುದು, ಇವೆಲ್ಲ ಹೀಗೆ ಬರುತ್ತವೆ. ಹಳೆಯ ಮಾರುತಿ 800ರಂಥ ಕಾರ್ಬ್ಯುರೇಟರ್ ಗಾಡಿಗಳಿಗೆ ಸೆನ್ಸರೂ ಇಲ್ಲ, ಕಂಪ್ಯೂಟರೂ ಇಲ್ಲ. ಅವನ್ನು ಪಳಗಿದ ಕೈಯಲ್ಲಿ ಟ್ಯೂನ್ ಮಾಡಿಸಲೇಬೇಕು.

ನಮ್ಮ ತಂಡದವರೊಬ್ಬರ 2013ರ ಸಣ್ಣ ಕಾರಿನ ಕಥೆ ಕೇಳಿ. ಎರಡನೇ ಗೇರಿನಲ್ಲಿ ಜರ್ಕ್, ಮೈಲೇಜ್ 13. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ "ಎಥನಾಲ್ ಸಾರ್, ಏನೂ ಮಾಡಕ್ಕಾಗಲ್ಲ" ಎಂದರು. ಇನ್ನೊಂದು ಕಡೆ ಸ್ಕ್ಯಾನರ್ ಹಾಕಿಸಿದಾಗ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಒಂದು ಇಗ್ನಿಷನ್ ಕಾಯಿಲ್ ಸತ್ತಿತ್ತು. ಕಾಯಿಲ್, ಪ್ಲಗ್, ಏರ್ ಫಿಲ್ಟರ್ ಬದಲಿಸಿದ ಮೇಲೆ ಮೈಲೇಜ್ 16.5ಕ್ಕೆ ಬಂತು. ಮೊದಲಿನ 17.5 ಮಾತ್ರ ಮತ್ತೆ ಬರಲಿಲ್ಲ. ಆ ಒಂದು ಕಿಲೊಮೀಟರನ್ನು ಎಥನಾಲ್ ಲೆಕ್ಕಕ್ಕೆ ಬರೆಯೋಣ, ಉಳಿದದ್ದನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ.

ನಿಜಕ್ಕೂ ಗಮನ ಬೇಕಾದದ್ದು ರಬ್ಬರ್ ಮತ್ತು ಲೋಹದ ಭಾಗಗಳಿಗೆ. ಎಥನಾಲ್ ಒಂದು ಒಳ್ಳೆಯ ದ್ರಾವಕ. ಹಳೆಯ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಎಥನಾಲ್‌ಗೆಂದು ತಯಾರಿಸದ ಹಳೆಯ ರಬ್ಬರ್ ಪೈಪ್, ಸೀಲ್, ಗ್ಯಾಸ್ಕೆಟ್‌ಗಳು ಅದರಲ್ಲಿ ಉಬ್ಬುತ್ತವೆ, ಆಮೇಲೆ ಬಿರುಕು ಬಿಡುತ್ತವೆ. ತೇವ ಸೇರಿದರೆ ಟ್ಯಾಂಕಿಗೆ ತುಕ್ಕು, ಅಲ್ಯೂಮಿನಿಯಂ ಭಾಗಗಳಿಗೆ ಸವೆತ. ಇದು ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಆಗುವ ಅನಾಹುತವಲ್ಲ, ವರ್ಷಗಳಲ್ಲಿ ನಿಧಾನವಾಗಿ ಆಗುವಂಥದ್ದು. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಈ ಭಾಗಗಳು ಇ20ಗೆ ತಡೆಯುವಂಥವು. ಅದಕ್ಕೂ ಹಿಂದಿನ ಅನೇಕ ಕಾರುಗಳ ಕೈಪಿಡಿಯಲ್ಲಿ ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದೇ ಬರೆದಿದೆ. ಹಾಗೆ ಬರೆದ ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ನಿಮ್ಮ ಮಾಡೆಲಿಗೆ ಇ20 ಪೈಪ್ ಮತ್ತು ಸೀಲ್‌ಗಳು ಸಿಗುತ್ತವೆಯೇ ಎಂದು ಕೇಳಿ. ಫ್ಯುಯೆಲ್ ಫಿಲ್ಟರ್ ಹೊರಗಿರುವ ಕಾರಾದರೆ ಮುಂದಿನ ಸರ್ವೀಸಿನಲ್ಲೇ ಬದಲಿಸಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಸರ್ವೀಸ್ ದಿನಕ್ಕೆ ಕಾಯಬೇಡಿ, ಅದು ಬೆಂಕಿಯ ವಿಷಯ.

ಬ್ರೆಜಿಲ್‌ನ ಉದಾಹರಣೆಯನ್ನು ಎರಡೂ ಕಡೆಯವರು ಎಳೆದಾಡುತ್ತಾರೆ. ಅಲ್ಲಿ 2015ರಿಂದ ಶೇ 27, 2025ರ ಆಗಸ್ಟ್‌ನಿಂದ ಶೇ 30 ಎಥನಾಲ್ ಇದೆ, ಕಾರುಗಳು ಓಡುತ್ತಿವೆ. ಹೌದು. ಆದರೆ ಅಲ್ಲಿ 1979ರಲ್ಲೇ ಫಿಯೆಟ್ 147 ಎಂಬ ಸಣ್ಣ ಕಾರು ಪೂರ್ತಿ ಎಥನಾಲ್‌ನಲ್ಲಿ ಓಡುವಂತೆ ಬಂದಿತ್ತು, 2003ರಿಂದ ಯಾವ ಪ್ರಮಾಣಕ್ಕೂ ಹೊಂದಿಕೊಳ್ಳುವ ಕಾರುಗಳು ಬಂದವು. ಕಾರು ಮೊದಲು ಸಿದ್ಧವಾಗಿ ಪೆಟ್ರೋಲ್ ಆಮೇಲೆ ಬದಲಾಗುವುದಕ್ಕೂ, ಪೆಟ್ರೋಲ್ ಮೊದಲು ಬದಲಾಗಿ ಹಳೆಯ ಕಾರು ಹೊಂದಿಕೊಳ್ಳಬೇಕಾಗುವುದಕ್ಕೂ ವ್ಯತ್ಯಾಸವಿದೆ.

ಇದ್ದಕ್ಕಿದ್ದಂತೆ ಕಾರು ನಿಂತರೆ?

ಬಂಕಿನಿಂದ ಹೊರಟು ಒಂದೆರಡು ಕಿಲೊಮೀಟರಿನಲ್ಲಿ ಕಾರು ಕೆಮ್ಮಿ ನಿಂತಿತು ಎಂದರೆ ಅಲ್ಲಿ ಶಂಕಿಸಬೇಕಾದ್ದು ನೀರನ್ನು. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಮುಖ್ಯಮಂತ್ರಿಯ ಬೆಂಗಾವಲಿನ 19 ವಾಹನಗಳು ಹೀಗೆ ನಿಂತುಹೋದವು. ತುಂಬಿಸಿದ್ದು ಡೀಸೆಲ್, ಅದರಲ್ಲಿ ನೀರಿತ್ತು, ಬಂಕನ್ನು ಸೀಲ್ ಮಾಡಲಾಯಿತು. ಡೀಸೆಲ್‌ನಲ್ಲಿ ಎಥನಾಲ್ ಇಲ್ಲ ಎಂಬುದನ್ನು ನೆನಪಿಡಿ. ಮಳೆಗಾಲದಲ್ಲಿ ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಇಳಿದರೆ ಯಾವ ಇಂಧನವೂ ಕೆಡುತ್ತದೆ. ಎಥನಾಲ್ ಪೆಟ್ರೋಲ್‌ನದು ಇನ್ನೊಂದು ಬಗೆಯ ತೊಂದರೆ. ಸ್ವಲ್ಪ ನೀರನ್ನು ಅದು ಹೀರಿಕೊಂಡು ಸುಮ್ಮನಿರುತ್ತದೆ, ಇ10 ಪೆಟ್ರೋಲ್ ಸುಮಾರು ಅರ್ಧ ಶೇಕಡಾದಷ್ಟು ತಡೆದರೆ ಇ20 ಅದಕ್ಕಿಂತ ಹೆಚ್ಚು ತಡೆಯುತ್ತದೆ. ಮಿತಿ ದಾಟಿತೋ, ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಪಂಪ್ ಮೊದಲು ಎಳೆಯುವುದೇ ತಳದಿಂದ. ಹೀಗಾದಾಗ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಟೋ ಮಾಡಿಸಿ ಟ್ಯಾಂಕ್ ಖಾಲಿ ಮಾಡಿಸಿ, ಬಂಕಿನ ಬಿಲ್ ಮತ್ತು ತೆಗೆದ ಇಂಧನದ ಸ್ಯಾಂಪಲ್ ಇಟ್ಟುಕೊಳ್ಳಿ. ಬಂಕಿನಲ್ಲಿ ಡೆನ್ಸಿಟಿ ಪರೀಕ್ಷೆ, ಫಿಲ್ಟರ್ ಪೇಪರ್ ಪರೀಕ್ಷೆ, 5 ಲೀಟರ್ ಅಳತೆ ಕೇಳುವುದು ಗ್ರಾಹಕರ ಹಕ್ಕು. ಜಗಳ ಮಾಡಬೇಕಿಲ್ಲ, ಕೇಳಿದರೆ ಸಾಕು.

ಇನ್ನು 2ಟಿ ಆಯಿಲ್. ಅದು ಹಳೆಯ ಟೂ-ಸ್ಟ್ರೋಕ್ ಬೈಕುಗಳಿಗೆ. ಕಾರಿಗೆ ಹಾಕಿದರೆ ಪ್ಲಗ್‌ಗೆ ಮಸಿ, ಆಕ್ಸಿಜನ್ ಸೆನ್ಸರಿಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ಪೆಟ್ಟು. ಅವುಗಳ ಬೆಲೆ ಎರಡು ವರ್ಷದ ಮೈಲೇಜ್ ನಷ್ಟವನ್ನು ಒಂದೇ ಏಟಿಗೆ ಮೀರಿಸಬಹುದು. ಎಥನಾಲನ್ನು "ನ್ಯೂಟ್ರಲ್ ಮಾಡುವ" ಬಾಟಲಿಗಳು ಎಥನಾಲನ್ನು ತೆಗೆಯಲಾರವು, ಕಳೆದುಹೋದ ಶಕ್ತಿಯನ್ನು ಮರಳಿಸಲಾರವು. ಪ್ರೀಮಿಯಂ ಪೆಟ್ರೋಲ್ ಎಂದ ಮಾತ್ರಕ್ಕೆ ಎಥನಾಲ್ ಇಲ್ಲ ಎಂದೂ ಅಲ್ಲ.

ಇನ್ಶೂರೆನ್ಸ್ ವಿಷಯಕ್ಕೆ 2025ರ ಆಗಸ್ಟ್‌ನಲ್ಲೇ ಸಚಿವಾಲಯ ಸ್ಪಷ್ಟನೆ ಕೊಟ್ಟಿದೆ: ಇ20 ಹಾಕಿದ ಕಾರಣಕ್ಕೆ ಪಾಲಿಸಿ ರದ್ದಾಗುವುದಿಲ್ಲ. ಆದರೆ ಸವೆದ ಪೈಪ್, ಸೀಲ್‌ಗಳ ಖರ್ಚನ್ನು ಸಾಮಾನ್ಯ ಪಾಲಿಸಿ ಮೊದಲೂ ಕೊಡುತ್ತಿರಲಿಲ್ಲ, ಈಗಲೂ ಕೊಡುವುದಿಲ್ಲ.

ಮಗ ಹೊರದೇಶದಲ್ಲಿದ್ದಾನೆ, ಕಾರು ಆರು ತಿಂಗಳಿಂದ ಶೆಡ್ಡಿನಲ್ಲೇ ಇದೆ ಎನ್ನುವವರು ಒಂದು ಕೆಲಸ ಮಾಡಿ. ಮಲೆನಾಡು, ಕರಾವಳಿಯ ಒದ್ದೆ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ಬೇಡ. ಎರಡು ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ, ತಿಂಗಳೆರಡು ತಿಂಗಳಿಗೆ ಹಳೆಯ ಪೆಟ್ರೋಲ್ ಮುಗಿಸಿ ಹೊಸದು ಹಾಕಿಸಿ. ನಿಂತ ಜಾಗದಲ್ಲೇ ಐದು ನಿಮಿಷ ಎಂಜಿನ್ ಆನ್ ಮಾಡಿ ಆಫ್ ಮಾಡುವುದರಿಂದ ಬ್ಯಾಟರಿ ಇನ್ನಷ್ಟು ಇಳಿಯುತ್ತದೆ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ.