ಟ್ಯಾಬ್ ಬಂತು, ಮೇಷ್ಟ್ರು ಯಾವಾಗ ಬರ್ತಾರೆ?

ಕಳೆದ ವರ್ಷ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ದಾನಿಗಳು ಟ್ಯಾಬ್ ಕೊಟ್ಟರು. ಶಾಮಿಯಾನ, ಹಾರ, ಮೈಕು ಎಲ್ಲ ಇತ್ತು. ಮಕ್ಕಳು ಟ್ಯಾಬನ್ನು ಎದೆಗವಚಿಕೊಂಡು ನಿಂತರು. ನಾನು ಫೋಟೊ ತೆಗೆದು, 'ಹಳ್ಳಿ ಶಾಲೆಗೆ ಹೈಟೆಕ್ ಸ್ಪರ್ಶ' ಅಂತ ತಲೆಬರಹ ಕೊಟ್ಟು ಸುದ್ದಿ ಕಳಿಸಿದೆ. ಮೊನ್ನೆ ಬೇರೆ ಕೆಲಸಕ್ಕೆ ಹೋದಾಗ ವಿಚಾರಿಸಿದರೆ, ಟ್ಯಾಬ್‌ಗಳು ಬೀರುವಿನೊಳಗಿವೆ. ಕೆಲವು ಚಾರ್ಜ್ ಆಗುವುದಿಲ್ಲ. ಉಳಿದವು ಒಡೆದರೆ ದುಡ್ಡು ಯಾರು ಕಟ್ಟುವುದು ಎಂದು ಮೇಡಂ ಬೀಗ ಹಾಕಿದ್ದಾರೆ.

ಆದರೆ ಟ್ಯಾಬ್ ಕೆಟ್ಟಿದ್ದು ನನ್ನ ತಕರಾರಲ್ಲ. ಅವು ಚೆನ್ನಾಗಿ ಓಡಿದ್ದರೂ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಗಣಿತ, ವ್ಯಾಕರಣ ಕಲಿಸುತ್ತಿದ್ದವೇ ಎಂಬುದು ನನ್ನ ಪ್ರಶ್ನೆ.

42ರಲ್ಲಿ 17 ಕಳೆಯಲು ಹೇಳಿ. ಎಷ್ಟೋ ಮಕ್ಕಳು 35 ಎನ್ನುತ್ತವೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಇದು ದಡ್ಡತನವಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಮಗು ಹಿಡಿದುಕೊಂಡ ನಿಯಮ. ಆ್ಯಪ್ ಕೆಂಪು ಗುರುತು ತೋರಿಸಿ 'ಮತ್ತೆ ಪ್ರಯತ್ನಿಸಿ' ಎನ್ನುತ್ತದೆ. ಮಗು ಇನ್ನೆರಡು ಉತ್ತರ ಒತ್ತಿ ನೋಡಿ ನಕ್ಷತ್ರ ಗಿಟ್ಟಿಸುತ್ತದೆ. ಮೇಷ್ಟ್ರಾದರೆ 'ಹೇಗೆ ಮಾಡಿದೆ, ಹೇಳು ಮಗಾ' ಎನ್ನುತ್ತಾರೆ. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೈಗಿಟ್ಟು ಏಳು ಕಡ್ಡಿ ಕೇಳುತ್ತಾರೆ. ಕೊಡಬೇಕಾದರೆ ಮಗು ಒಂದು ಕಟ್ಟಿನ ರಬ್ಬರ್ ಬಿಚ್ಚಲೇಬೇಕು. ಲೆಕ್ಕ ಅರ್ಥವಾಗುವುದು ಅಲ್ಲಿ.

ವ್ಯಾಕರಣದ್ದೂ ಅದೇ ಕತೆ. ನಮ್ಮ ಕಡೆ ಮಗು 'ಮನಿಗೆ ಹೊಂಟೀನಿ', 'ಹೊಲಕ್ಕ ಹೊಂಟೀನಿ' ಎನ್ನುತ್ತದೆ. 'ಮನಿಕ್ಕ', 'ಹೊಲಗೆ' ಎಂದು ಎಂದೂ ಅನ್ನುವುದಿಲ್ಲ. ಅಂದರೆ ಚತುರ್ಥಿ ವಿಭಕ್ತಿಯ ಗುಟ್ಟು ಅದಕ್ಕೆ ಶಾಲೆಗೆ ಬರುವ ಮೊದಲೇ ಗೊತ್ತು. ನಿನಗೆ ಗೊತ್ತಿರುವುದಕ್ಕೆ ಒಂದು ಹೆಸರಿದೆ ಎಂದು ತೋರಿಸುವವರು ಬೇಕು. ಪುಸ್ತಕದ ಕನ್ನಡದಲ್ಲಿ ಒಂದೇ ಸರಿ ಉತ್ತರ ತುಂಬಿಸಿಟ್ಟ ಟ್ಯಾಬ್, 'ಹೊಲಕ್ಕ' ಎಂದು ಬರೆದರೆ ತಪ್ಪು ಎನ್ನುತ್ತದೆ. ಮನೆಮಾತಿಗೇ ಕೆಂಪು ಗುರುತು ಬಿದ್ದ ಮಗು ನಾಳೆ ಬಾಯಿ ಬಿಡುತ್ತದೆಯೇ?

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದವರಿದ್ದಾರೆ. ಪೆರು ದೇಶ ಹಳ್ಳಿ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟಿತು. 319 ಶಾಲೆಗಳ ಅಧ್ಯಯನದ ವರದಿ 2012ರಲ್ಲಿ ಬಂತು. ಗಣಿತ, ಭಾಷೆ ಎರಡರಲ್ಲೂ ಅಂಕ ಮೇಲೇರಿರಲಿಲ್ಲ.

'ಹಾಗಾದರೆ ಯಂತ್ರದಿಂದ ಏನೂ ಆಗದೇ?' ಎನ್ನಬಹುದು. ಆಗುತ್ತದೆ. ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲೆ ನಡೆದ ಕೇಂದ್ರಗಳಲ್ಲಿ ಕಂಪ್ಯೂಟರ್ ಪಾಠದಿಂದ ಗಣಿತವೂ ಹಿಂದಿಯೂ ಸುಧಾರಿಸಿದ್ದುಂಟು. ಆದರೆ ಅಲ್ಲಿದ್ದವರು ಹೆಚ್ಚಾಗಿ ಆರನೇ ತರಗತಿ ಮುಟ್ಟಿದವರು. ಪಾಠ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕಂತಿತ್ತು, ಜೊತೆಗೆ ಹದಿನೈದರೊಳಗಿನ ಗುಂಪಿಗೆ ಕಲಿಸುವ ಒಬ್ಬ ಮನುಷ್ಯರೂ ಇದ್ದರು. ನಮ್ಮಲ್ಲಿ ಟ್ಯಾಬ್ ಬರುತ್ತದೆ, ಆ ಮನುಷ್ಯ ಬರುವುದಿಲ್ಲ.

ಮಗುವಿನ ವೇಗಕ್ಕೆ ತಕ್ಕ ಕಲಿಕೆ ನಮಗೇನು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಮಕ್ಕಳು ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ. ಅದಕ್ಕೆ ಕರೆಂಟು ಬೇಡ, ಗುಂಪಿನಿಂದ ಗುಂಪಿಗೆ ಹೋಗಿ ಕೂರಲು ಪುರುಸೊತ್ತಿರುವ ಶಿಕ್ಷಕರು ಬೇಕು.

ಆ ಪುರುಸೊತ್ತು ಎಲ್ಲಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರು. ಒಬ್ಬರು ಸಭೆಗೋ ತರಬೇತಿಗೋ ಹೋದರೆ ಐದಕ್ಕೂ ಒಬ್ಬರೇ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೂ ಯಾವ ಶಾಲೆಗೆ ಹೋದರೂ ಮೇಷ್ಟ್ರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. ಎರಡು ತರಗತಿಯನ್ನು ಟ್ಯಾಬ್ ಮುಂದೆ ಕೂರಿಸಿ ಮೂರನೆಯದಕ್ಕೆ ಪಾಠ ಮಾಡುವ ಶಿಕ್ಷಕಿಯನ್ನು ನಾನು ದೂರುವುದಿಲ್ಲ. ಅವರನ್ನು ಆ ಸ್ಥಿತಿಗೆ ತಂದು, ಅದಕ್ಕೆ 'ಡಿಜಿಟಲ್ ಕ್ರಾಂತಿ' ಎಂದು ಬ್ಯಾನರ್ ಕಟ್ಟುವವರನ್ನು ದೂರುತ್ತೇನೆ.

ಆ ಬ್ಯಾನರಿನ ಫೋಟೊ ಹಾಕಿದ ನಮ್ಮನ್ನೂ ದೂರಬೇಕು. ಗೆಳೆಯರೇ, ಮುಂದಿನ ಸಲ ಟ್ಯಾಬ್ ವಿತರಣೆಗೆ ಕರೆದರೆ ಹೋಗೋಣ. ವೇದಿಕೆ ಮೇಲಿದ್ದವರಿಗೆ ಮೂರು ಪ್ರಶ್ನೆ ಕೇಳೋಣ: ಈ ಶಾಲೆಯಲ್ಲಿ ಎಷ್ಟು ಶಿಕ್ಷಕ ಹುದ್ದೆ ಖಾಲಿ ಇವೆ? ಟ್ಯಾಬ್ ಕೆಟ್ಟರೆ ರಿಪೇರಿ ದುಡ್ಡು ಯಾರದು? ಅದರೊಳಗಿನ ಪಾಠವನ್ನು ಇಲ್ಲಿನ ಯಾವ ಶಿಕ್ಷಕರು ನೋಡಿ ಒಪ್ಪಿದ್ದಾರೆ? ಆರು ತಿಂಗಳ ನಂತರ ಮತ್ತೆ ಹೋಗಿ ಬೀರು ತೆರೆಸಿ ನೋಡೋಣ. ನಾನು ಬರೆಯದೇ ಬಿಟ್ಟ ಸುದ್ದಿ ಅದೇ.